ನಡತೆಗೆ ಅಂಕ ಕೊಡುವುದು ಹೇಗೆ?



ನಮ್ಮ ಕಾಸರಗೋಡಿನ ಕಡೆ ಸಿಸ್ಟರ್‌ಗಳ ಶಾಲೆಯಲ್ಲಿ ಕಲಿತವರಿಗೆ ಇದು ಗೊತ್ತಿರುವ ಸಂಗತಿ. ಬೆಲ್ ಹೊಡೆದ ಕೂಡಲೇ ಕ್ಲಾಸು ಎರಡಾಗುತ್ತಿತ್ತು. ನಾವು ಕ್ರೈಸ್ತ ಮಕ್ಕಳು ಧರ್ಮೋಪದೇಶಕ್ಕೆ, ಉಳಿದವರು ಮಾರಲ್ ಸಯನ್ಸಿಗೆ. ಸುಳ್ಳು ಹೇಳಬಾರದು, ಕದಿಯಬಾರದು ಎಂಬ ಪಾಠ ಎರಡೂ ಕೋಣೆಯಲ್ಲಿ ಒಂದೇ! ಆದರೆ ಇದು ಸಿಸ್ಟರ್‌ಗಳ ಹಠವೇನೂ ಅಲ್ಲ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಹೆತ್ತವರ ಒಪ್ಪಿಗೆಯಿಲ್ಲದೆ ಮಗುವನ್ನು ಧರ್ಮಬೋಧನೆಗೆ ಕೂರಿಸಬಾರದೆಂದು ನಮ್ಮ ಸಂವಿಧಾನದ 28ನೇ ವಿಧಿಯೇ ಹೇಳುತ್ತದೆ.

ಸಿಂಗಾಪುರ ಈ ಕೋಣೆಗಳನ್ನು ಇನ್ನೂ ಹೆಚ್ಚು ಮಾಡಿ ನೋಡಿತು. 1984ರಲ್ಲಿ ಹೈಸ್ಕೂಲಿನ ಮೇಲಿನ ತರಗತಿಗಳಿಗೆ ಧರ್ಮಜ್ಞಾನ ಕಡ್ಡಾಯವಾಯಿತು. ಬೈಬಲ್, ಬೌದ್ಧ, ಹಿಂದೂ, ಇಸ್ಲಾಂ, ಸಿಖ್ ಅಧ್ಯಯನ ಅಥವಾ ಕನ್ಫ್ಯೂಷಿಯಸನ ನೀತಿ, ಇವುಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಧರ್ಮ ಗೊತ್ತಿದ್ದರೆ ನಡತೆ ನೆಟ್ಟಗಾದೀತೆಂಬ ಲೆಕ್ಕಾಚಾರ. ಆದರೆ ಧರ್ಮಗಳ ನಡುವಿನ ಗೆರೆ ಗಟ್ಟಿಯಾಗುತ್ತಿದೆಯೆಂಬ ಭಯ ಹುಟ್ಟಿ, 1989ರಲ್ಲೇ ಆ ಕಡ್ಡಾಯವನ್ನು ಬಿಡಲು ಸರ್ಕಾರ ತೀರ್ಮಾನಿಸಿತು. ಈಗ ಅಲ್ಲಿ ಎಲ್ಲ ಮಕ್ಕಳಿಗೂ ಒಂದೇ ‘ಗುಣನಡತೆ ಮತ್ತು ಪೌರತ್ವ ಶಿಕ್ಷಣ’.

ನನ್ನನ್ನು ಹೆಚ್ಚು ಕಾಡಿದ್ದು ಜಪಾನ್. ಚಕ್ರವರ್ತಿಗೆ ವಿಧೇಯತೆ ಕಲಿಸುತ್ತಿದ್ದ ಹಳೆಯ ನೀತಿಪಾಠ ಯುದ್ಧದ ಸೋಲಿನೊಂದಿಗೆ 1945ರಲ್ಲಿ ನಿಂತಿತು. 1958ರಲ್ಲಿ ವಾರಕ್ಕೊಂದು ಪೀರಿಯಡ್ ಆಗಿ ನೀತಿಶಿಕ್ಷಣ ಮರಳಿ ಬಂತು. ಮುಂದೆ 2011ರಲ್ಲಿ ಒತ್ಸು ನಗರದಲ್ಲಿ ಸಹಪಾಠಿಗಳ ಹಿಂಸೆ ತಾಳಲಾರದೆ ಒಬ್ಬ ಹುಡುಗ ಪ್ರಾಣ ಕಳೆದುಕೊಂಡ. ದೇಶವೇ ಮರುಗಿತು. ನೀತಿಪಾಠ ಇನ್ನೂ ಗಟ್ಟಿಯಾಗಬೇಕೆಂಬ ಕೂಗು ಎದ್ದು, 2018ರಲ್ಲಿ ಪ್ರಾಥಮಿಕ ಶಾಲೆಗಳಲ್ಲಿ, ಮರುವರ್ಷ ಅದರ ಮೇಲಿನ ತರಗತಿಗಳಲ್ಲಿ ಅದು ಪಠ್ಯಪುಸ್ತಕವಿರುವ ವಿಷಯವಾಯಿತು. ಆ ಹುಡುಗ ಕಲಿತಿದ್ದ ಶಾಲೆ ನೀತಿಶಿಕ್ಷಣಕ್ಕೆಂದೇ ಸರ್ಕಾರ ಆರಿಸಿದ್ದ ಶಾಲೆಗಳಲ್ಲಿ ಒಂದಾಗಿತ್ತು! ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆದರೂ ಅವರ ಒಂದು ನಿಯಮ ನನಗೆ ತುಂಬ ಹಿಡಿಸಿತು. ಈ ವಿಷಯಕ್ಕೆ ಅಂಕವಿಲ್ಲ, ಗ್ರೇಡೂ ಇಲ್ಲ. ಪ್ರತಿ ಮಗುವಿನ ಬಗ್ಗೆ ಶಿಕ್ಷಕರು ನಾಲ್ಕು ಮಾತು ಬರೆಯಬೇಕು, ಒಬ್ಬರನ್ನು ಇನ್ನೊಬ್ಬರ ಜೊತೆ ಹೋಲಿಸದೆ. ನಮ್ಮ ನಡತೆ ಸರ್ಟಿಫಿಕೇಟಿನಲ್ಲೋ, ಕಿಟಕಿ ಗಾಜು ಒಡೆದವನಿಗೂ ‘ಉತ್ತಮ’, ಬಾಯಿ ಬಿಡದೆ ಕೂತವಳಿಗೂ ‘ಉತ್ತಮ’.

ಇಷ್ಟೆಲ್ಲ ಹೇಳಲು ಕಾರಣವಿದೆ. ಈ ಸಲದ ಧರ್ಮೋಪದೇಶ ವಾರ್ಷಿಕೋತ್ಸವದಲ್ಲಿ ‘ಉತ್ತಮ ನಡತೆಯ ಮಗು’ ಬಹುಮಾನ ಕೊಡಬೇಕೆಂದು ನಮ್ಮ ಸಭೆಯಲ್ಲಿ ಮಾತು ಬಂತು. ಹಾಜರಿಗೆ ಇಷ್ಟು, ಶಿಸ್ತಿಗೆ ಇಷ್ಟು ಅಂಕ. ನಾನು ಬೇಡವೆಂದೆ. “ಹಾಗಾದರೆ ಒಳ್ಳೆಯ ಮಕ್ಕಳಿಗೆ ಮರ್ಯಾದೆ ಬೇಡವಾ?” ಎಂದರು ಹಿರಿಯ ಟೀಚರ್. ಅವರ ಪ್ರಶ್ನೆಯೂ ನ್ಯಾಯವೇ. ಆದರೆ ನನ್ನ ಕ್ಲಾಸಿನ ಒಬ್ಬ ಹುಡುಗ ಕಣ್ಣು ಕಾಣದ ಅಜ್ಜನನ್ನು ಕೈಹಿಡಿದು ಪೂಜೆಗೆ ಕರೆತಂದು, ಮತ್ತೆ ಮನೆ ಮುಟ್ಟಿಸಿ ಬರುವಾಗ ಪ್ರತಿ ಆದಿತ್ಯವಾರ ಕ್ಲಾಸು ಅರ್ಧ ಮುಗಿದಿರುತ್ತದೆ. ಹಾಜರಿಯ ಲೆಕ್ಕದಲ್ಲಿ ಅವನು ಕಟ್ಟಕಡೆಗೆ.

ತೀರ್ಮಾನ ಇನ್ನೂ ಆಗಿಲ್ಲ. ಬಹುಮಾನದ ಬದಲು ಪ್ರತಿ ಮಗುವಿಗೂ ನಾಲ್ಕು ಸಾಲು ಬರೆದು ಕೊಡೋಣವೆಂದು ಹೇಳಿ, ನಾನಂತೂ ಬರೆಯಲು ಶುರುಮಾಡಿದ್ದೇನೆ. ಕ್ಲಾಸಿನಲ್ಲಿ 17 ಮಕ್ಕಳು, 11 ಮಂದಿಯದ್ದು ಮುಗಿಯಿತು. ಉಳಿದ ಆರು ಮಂದಿ ಬಾಯಿ ಬಿಡುವವರೇ ಅಲ್ಲ. ಬರುವ ಶನಿವಾರ ಅವರ ಮನೆ ಕಡೆ ಹೋಗಿ ಬರಬೇಕು.