ಬ್ಯಾಡ್ ಡೆಟ್ಸ್ ಮತ್ತು ರಾತ್ರಿ ಪ್ರಾರ್ಥನೆ

(1/4)

ಕ್ಲಾಸಲ್ಲಿ ತುಂಬಾ ಜನ ಕೇಳೋ ಪ್ರಶ್ನೆ: "ಭಾನುವಾರ ಚರ್ಚಿಗೆ ಹೋಗ್ತೀಯ, ಸರಿ. ಮಿಕ್ಕ ಆರು ದಿನ ನಿಮ್ಮ ನಂಬಿಕೆ ಏನ್ ಮಾಡುತ್ತೆ?"

ಉಪವಾಸ, ಕ್ಯಾರಲ್ಸ್, ಕ್ರಿಸ್ಮಸ್ ಕೇಕ್ ಬಗ್ಗೆ ಆಮೇಲೆ ಬರೀತೀನಿ. ಇವತ್ತು ನಮ್ಮ ಮನೇಲಿ ದಿನಾ ರಾತ್ರಿ ನಿಜವಾಗಿ ಕಷ್ಟ ಕೊಡೋ ಒಂದೇ ಒಂದು ವಿಷಯ. ಕ್ಷಮೆ.

ಯೇಸು ಶಿಷ್ಯರಿಗೆ ಕಲಿಸಿದ ಪ್ರಾರ್ಥನೆ ಒಂದಿದೆ. ನಿಧಾನವಾಗಿ ಹೇಳಿದ್ರೂ ಒಂದು ನಿಮಿಷ ಆಗಲ್ಲ. ಅದ್ರಲ್ಲಿ ಊಟ ಕೇಳ್ತೀವಿ, ಅದೂ ಆ ದಿನದ್ದು ಮಾತ್ರ. ಆಮೇಲೆ ಕ್ಷಮೆ ಕೇಳ್ತೀವಿ. ಆದ್ರೆ ಅದಕ್ಕೊಂದು ಷರತ್ತು ಅಂಟಿಕೊಂಡಿದೆ: ನಾವು ಬೇರೆಯವರನ್ನ ಕ್ಷಮಿಸಿದ ಹಾಗೇ ನಮ್ಮನ್ನೂ ಕ್ಷಮಿಸು ಅಂತ.

ಚಿಕ್ಕಂದಿನಿಂದ ಬಾಯಿಪಾಠ. ಅರ್ಥ ತಲೆಗೆ ಹೋಗಿದ್ದು ಬಿಕಾಂ ಸೇರಿದ್ಮೇಲೆ. ಯಾಕಂದ್ರೆ ಮತ್ತಾಯನ ಸುವಾರ್ತೆಯ ಗ್ರೀಕ್ ಮೂಲದಲ್ಲಿ ಆ ಜಾಗದಲ್ಲಿರೋ ಪದದ ನೇರ ಅರ್ಥ "ಸಾಲ". ಲೂಕನ ಸುವಾರ್ತೆಯಲ್ಲಿ "ಪಾಪ" ಅಂತಿದೆ, ಮತ್ತಾಯನಲ್ಲಿ ಸಾಲ. ಅಕೌಂಟ್ಸ್ ಓದೋರಿಗೆ ಈ ಪದ ಸಿಕ್ಕಿದ್ರೆ ಬಿಡ್ತೀವಾ?

(2/4)

ಈಗ ನಮ್ಮ ಮನೆ ಲೆಕ್ಕ.

ನಾನು ಸೆಕೆಂಡ್ ಪಿಯುಸಿಲಿದ್ದಾಗ ನಮ್ಮ ಸಭೆಯವರೇ ಒಬ್ಬರು ಅಪ್ಪನ ಹತ್ರ 40,000 ರೂಪಾಯಿ ತಗೊಂಡ್ರು. ಅವರ ಮನೇಲಿ ಆಸ್ಪತ್ರೆ ಖರ್ಚು. ಸುಳ್ಳಲ್ಲ, ನಿಜವಾದ ಕಷ್ಟ. ಅದು ನನ್ನ ಡಿಗ್ರಿ ಫೀಸಿಗೆ ಅಂತ ಎತ್ತಿಟ್ಟಿದ್ದ ದುಡ್ಡು. ಜೂನ್ ಒಳಗೆ ಕೊಡ್ತೀನಿ ಅಂದ್ರು. ಆ ಜೂನ್ ಹೋಯ್ತು, ಅದಾದ್ಮೇಲೆ ಇನ್ನೂ ಎರಡು ಜೂನ್ ಹೋಯ್ತು. ಅಮ್ಮ ಸರ ಅಡ ಇಟ್ಟು ನನ್ನ ಫೀಸ್ ಕಟ್ಟಿದ್ರು. ಬಡ್ಡಿ ಇವತ್ತಿಗೂ ನಡೀತಿದೆ.

ರಾತ್ರಿ ಊಟಕ್ಕೆ ಮುಂಚೆ ಮನೇಲಿ ಪ್ರಾರ್ಥನೆ. ಅಮ್ಮ ಅವರ ಹೆಸರು ಹೇಳಿ, ಅವರ ಮನೆಯವರ ಆರೋಗ್ಯಕ್ಕೆ ಬೇಡ್ಕೋತಾರೆ. ಬರಿ ಕುತ್ತಿಗೆಲಿ ಕೂತು. ಆಮೇಲೆ ಎಲ್ಲರೂ ಒಟ್ಟಿಗೆ ಆ ಪ್ರಾರ್ಥನೆ ಹೇಳ್ತೀವಿ. "ಕ್ಷಮಿಸು" ಅನ್ನೋ ಸಾಲು ಬಂದಾಗ ನನ್ನ ಧ್ವನಿ ತಾನಾಗೇ ಸಣ್ಣ ಆಗುತ್ತೆ.

ಇದೇ ಸಾಲ-ಕ್ಷಮೆ ವಿಷಯಕ್ಕೆ ಬೈಬಲಲ್ಲಿ ಒಂದು ಕಥೆ ಇದೆ, ಮತ್ತಾಯ 18ನೇ ಅಧ್ಯಾಯ. ತಪ್ಪು ಮಾಡಿದೋನನ್ನ ಏಳು ಸಲ ಕ್ಷಮಿಸಿದ್ರೆ ಸಾಕಾ ಅಂತ ಪೇತ್ರ ಕೇಳ್ತಾನೆ. ಯೇಸು ಲೆಕ್ಕ ಇಡೋಕಾಗದಷ್ಟು ದೊಡ್ಡ ನಂಬರ್ ಹೇಳಿ, ಈ ಕಥೆ ಶುರು ಮಾಡ್ತಾರೆ. ಒಬ್ಬ ಸೇವಕ ರಾಜನಿಗೆ 10,000 ತಲಾಂತು ಸಾಲ. ರಾಜ ಪೂರ್ತಿ ಬಿಟ್ಟುಬಿಡ್ತಾನೆ. ಅದೇ ಸೇವಕ ಆಚೆ ಬಂದು, ತನಗೆ 100 ದೆನಾರಿ ಕೊಡಬೇಕಾದವನ ಕುತ್ತಿಗೆ ಹಿಡೀತಾನೆ.

ಕ್ಯಾಲ್ಕುಲೇಟರ್ ತಗೊಳ್ಳಿ. ಒಂದು ದೆನಾರಿ ಅಂದ್ರೆ ಆಗಿನ ಒಂದು ದಿನದ ಕೂಲಿ. ಒಂದು ತಲಾಂತು ಅಂದ್ರೆ ಹೆಚ್ಚುಕಮ್ಮಿ 6,000 ದೆನಾರಿ. ದಿನಗೂಲಿ 500 ರೂಪಾಯಿ ಅಂತ ಇಟ್ಕೊಂಡ್ರೆ ರಾಜ ಬಿಟ್ಟಿದ್ದು 3,000 ಕೋಟಿ. ಸೇವಕ ಬಿಡದೇ ಇದ್ದದ್ದು 50,000.

ಸಂಡೇ ಸ್ಕೂಲಲ್ಲಿ ಆ ಎರಡನೇ ಸಾಲವನ್ನ "ಚಿಲ್ಲರೆ" ಅಂತಾರೆ. ನಮ್ಮನೇಲಿ 50,000 ಚಿಲ್ಲರೆ ಅಲ್ಲ. ಮೂರು ತಿಂಗಳಿಗೂ ಮೀರಿದ ಕೂಲಿ ಅದು. ನಂಗೆ ಈ ಕಥೆ ಇಷ್ಟ ಆಗೋದು ಅದಕ್ಕೇ. ನಿಂಗೆ ಆಗಿರೋ ನಷ್ಟ ಸಣ್ಣದು ಅಂತ ಅದು ಎಲ್ಲೂ ಹೇಳಲ್ಲ. ನಿಜವಾದ ನಷ್ಟ ಆದೋನಿಗೇ ಹೇಳಿದ ಮಾತು ಅದು.

(3/4)

ಈಗ ಬ್ಯಾಡ್ ಡೆಟ್ಸ್ ಎಂಟ್ರಿ ನೆನಪು ಮಾಡ್ಕೊಳ್ಳಿ. ಬ್ಯಾಡ್ ಡೆಟ್ಸ್ ಅಕೌಂಟ್ ಡೆಬಿಟ್, ಸಾಲಗಾರನ ಅಕೌಂಟ್ ಕ್ರೆಡಿಟ್. ಅವನ ಖಾತೆ ಸೊನ್ನೆ ಆಗುತ್ತೆ. ಆದ್ರೆ ದುಡ್ಡು ಮಾಯ ಆಗಲ್ಲ, ಆ ನಷ್ಟ ನಮ್ಮ ಪ್ರಾಫಿಟ್ ಅಂಡ್ ಲಾಸ್ ಅಕೌಂಟಿಗೆ ಬಂದು ಕೂರುತ್ತೆ. ಯಾರಾದ್ರೂ ಅದನ್ನ ಹೊರಲೇಬೇಕು.

ಕ್ಷಮೆ ಇಷ್ಟೇ ಅಂತ ನಂಗನ್ಸುತ್ತೆ: ನಷ್ಟ ಇದೆ ಅಂತ ಒಪ್ಕೊಂಡು, ಅದನ್ನ ನಮ್ಮ ಲೆಕ್ಕಕ್ಕೆ ತಗೊಳ್ಳೋದು. ಕ್ರೈಸ್ತರಿಗೆ ಶಿಲುಬೆ ಯಾಕೆ ಅಷ್ಟು ಮುಖ್ಯ ಅಂತ ಕೇಳ್ತೀರಲ್ಲ, ನನ್ನ ಉತ್ತರನೂ ಇದೇ. ನಮ್ಮ ಸಾಲದ ನಷ್ಟವನ್ನ ದೇವರು ತನ್ನ ಲೆಕ್ಕಕ್ಕೆ ಹಾಕ್ಕೊಂಡ ಅಂತ ನಾವು ನಂಬ್ತೀವಿ.

ಹಂಗಂತ ದುಡ್ಡು ಕೇಳಬಾರದು ಅಂತಿಲ್ಲ. ರೈಟ್ ಆಫ್ ಮಾಡಿದ ಸಾಲ ಆಮೇಲೆ ಬಂದ್ರೆ "ಬ್ಯಾಡ್ ಡೆಟ್ಸ್ ರಿಕವರ್ಡ್" ಅಂತ ಬೇರೆ ಅಕೌಂಟೇ ಇದೆ. ಅಪ್ಪ ಪ್ರತಿ ತಿಂಗಳು ಫೋನ್ ಮಾಡಿ ಕೇಳ್ತಾರೆ. "ಕೇಳೋದು ನನ್ನ ಹಕ್ಕು ಕಣಪ್ಪ. ಅವನ ಮೇಲೆ ಉರ್ಕೊಂಡು ಕೂರೋದು ನನಗೂ ಒಳ್ಳೇದಲ್ಲ" ಅಂತಾರೆ.

ಇನ್ನೊಂದು ಮಾತು, ದಯವಿಟ್ಟು ಓದಿ. ಹೊಡೆಯೋರ ಹತ್ರ, ಹಿಂಸೆ ಕೊಡೋರ ಹತ್ರ ವಾಪಸ್ ಕಳಿಸೋಕೆ ಯಾರಾದ್ರೂ ಈ "ಕ್ಷಮೆ" ಪದ ಬಳಸಿದ್ರೆ ಕೇಳಬೇಡಿ. ಕ್ಷಮಿಸೋದು ಬೇರೆ, ಮತ್ತೆ ಸಾಲ ಕೊಡೋದು ಬೇರೆ. ಕಂಪ್ಲೇಂಟ್ ಕೊಟ್ಟೂ ಕ್ಷಮಿಸಬಹುದು.

(4/4)

ನಾವು ಸಿ.ಎಸ್.ಐ. ಅಂದ್ರೆ ಚರ್ಚ್ ಆಫ್ ಸೌತ್ ಇಂಡಿಯಾ. 1947ರ ಸೆಪ್ಟೆಂಬರ್ 27ಕ್ಕೆ ಬೇರೆಬೇರೆ ಪ್ರೊಟೆಸ್ಟೆಂಟ್ ಸಭೆಗಳು ಒಂದಾಗಿ ಆದದ್ದು. ಕರ್ತನ ಭೋಜನದ ಆರಾಧನೆಯಲ್ಲಿ ನಮ್ಮಲ್ಲಿ ಒಂದು ಪದ್ಧತಿ ಇದೆ, ಸಮಾಧಾನ ಹಂಚೋದು. ಪಕ್ಕದವರ ಬಲಗೈಗೆ ನಮ್ಮ ಬಲಗೈ ಕೊಟ್ಟು, ಇಬ್ಬರೂ ಎಡಗೈ ಮೇಲೆ ಮುಚ್ತೀವಿ. ಪೀಠದ ಹತ್ರ ಶುರುವಾಗಿ ಬೆಂಚಿನಿಂದ ಬೆಂಚಿಗೆ ಬರುತ್ತೆ. ರೊಟ್ಟಿ, ದ್ರಾಕ್ಷಾರಸ ತಗೊಳ್ಳೋದು ಅದಾದ್ಮೇಲೆ. ಕಾಣಿಕೆ ಕೊಡೋಕೆ ಮುಂಚೆ ಹೋಗಿ ಸಹೋದರನ ಜೊತೆ ರಾಜಿ ಆಗು ಅಂತ ಯೇಸು ಹೇಳಿದ್ದಾರಲ್ಲ, ಆ ಮಾತು ಕೈಯಲ್ಲಿ ಬಂದ ಹಾಗೆ.

ಸಾಲ ತಗೊಂಡೋರು ಕಳೆದ ವರ್ಷ ನಾಲ್ಕು ತಿಂಗಳು ಚರ್ಚಿಗೇ ಬರಲಿಲ್ಲ. ಮುಖ ತೋರಿಸೋಕೆ ನಾಚಿಕೆ. ಅಪ್ಪನೇ ಅವರ ಮನೆಗೆ ಹೋಗಿ, "ದುಡ್ಡಿನ ವಿಷಯ ಫೋನಲ್ಲಿ ಮಾತಾಡೋಣ. ಚರ್ಚ್ ಬಿಡಬೇಡ" ಅಂದ್ರು. ಮುಂದಿನ ಭಾನುವಾರ ಬಂದ್ರು. ನಮ್ಮ ಮುಂದಿನ ಬೆಂಚು. ಸಮಾಧಾನ ಅವರ ಕೈಯಿಂದಲೇ ಅಪ್ಪನ ಕೈಗೆ ಬಂತು, ಅಪ್ಪನಿಂದ ನಂಗೆ ಬಂತು.

ದುಡ್ಡು ಇನ್ನೂ ಬಂದಿಲ್ಲ. ಅಮ್ಮನ ಸರಾನೂ ಬಂದಿಲ್ಲ. ಇದರಲ್ಲಿ ಪವಾಡ ಏನೂ ಇಲ್ಲ.

ಒಂದೇ ಒಂದು ವಿಷಯದಲ್ಲಿ ಅಕೌಂಟ್ಸ್‌ಗೂ ಕ್ಷಮೆಗೂ ವ್ಯತ್ಯಾಸ. ಪುಸ್ತಕದಲ್ಲಿ ಒಮ್ಮೆ ರೈಟ್ ಆಫ್ ಮಾಡಿದ್ರೆ ಮುಗೀತು. ಮನಸ್ಸಲ್ಲಿ ಹಂಗಲ್ಲ. ರಾತ್ರಿ ಸೊನ್ನೆ ಮಾಡಿ ಮಲಗಿದ್ರೆ, ಬೆಳಿಗ್ಗೆ ಅಮ್ಮನ ಬರಿ ಕುತ್ತಿಗೆ ನೋಡಿದ ತಕ್ಷಣ ಓಪನಿಂಗ್ ಬ್ಯಾಲೆನ್ಸ್ ಆಗಿ ಪೂರ್ತಿ 40,000 ವಾಪಸ್ ಬಂದಿರುತ್ತೆ. ಊಟದ ಹಾಗೆ ಇದೂ ಆ ದಿನದ್ದಕ್ಕೆ ಮಾತ್ರ ಸಾಕಾಗುತ್ತೆ. ಅದಕ್ಕೇ ಆ ಎರಡೂ ಬೇಡಿಕೆ ಒಂದೇ ಪ್ರಾರ್ಥನೇಲಿ ಪಕ್ಕಪಕ್ಕ ಇವೆ ಅನ್ಸುತ್ತೆ.

ಮಿಕ್ಕ ಆರು ದಿನ ನಂಬಿಕೆ ಮಾಡೋ ಕೆಲಸ ಇದು.

ನಿಮ್ಮ ಮನೇಲಿ, ನಿಮ್ಮ ಧರ್ಮದಲ್ಲಿ ಇಂಥ ಲೆಕ್ಕ ಹೇಗೆ ಮುಗಿಸ್ತಾರೆ? ಕಾಮೆಂಟಲ್ಲಿ ಹೇಳಿ, ಎಲ್ಲಾ ಓದ್ತೀನಿ. ಸಾಲಗಾರರ ಹೆಸರು ಮಾತ್ರ ಹಾಕಬೇಡಿ 🙂

#ದಿನದನಂಬಿಕೆ #ಬಿಕಾಂಬದುಕು #ಕನ್ನಡದಲ್ಲಿಬರೀತೀನಿ