ಅಂಗಡಿ ರಸ್ತೆಯ ಯಾವ ಬದಿಗೆ?

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಸೇರಿದ ಕೆಲಸಕ್ಕೆ ಸರಿಯಾದೊಂದು ಹೆಸರಿರಲಿಲ್ಲ. ಸಂಬಳದ ಚೀಟಿಯಲ್ಲಿ ‘ಮಾರ್ಕೆಟ್ ಸರ್ವೆ’ ಎಂದು ಬರೆಯುತ್ತಿದ್ದರು. ಬೂಟಿನ ಕಂಪನಿಗೋ, ಔಷಧಿ ಅಂಗಡಿಗೋ, ಬ್ಯಾಂಕಿನ ಹೊಸ ಶಾಖೆಗೋ ಬೆಂಗಳೂರಿನಲ್ಲಿ ಜಾಗ ಬೇಕೆಂದರೆ ನಾಲ್ಕಾರು ಬಡಾವಣೆ ಸುತ್ತಿ, ಬಾಡಿಗೆ ವಿಚಾರಿಸಿ, ‘ಇಲ್ಲಿ ವ್ಯಾಪಾರ ಕುದುರುತ್ತದೆ, ಅಲ್ಲಿ ಕುದುರುವುದಿಲ್ಲ’ ಎಂದು ವರದಿ ಒಪ್ಪಿಸಬೇಕು. ಕಚೇರಿಯ ಗೋಡೆಗೊಂದು ಥರ್ಮೋಕೋಲ್ ಹಲಗೆ, ಅದರ ಮೇಲೆ ಟಿಟಿಕೆಯ ಬೆಂಗಳೂರು ಗೈಡ್ ಮ್ಯಾಪು, ಮ್ಯಾಪಿನ ತುಂಬ ಬಣ್ಣದ ತಲೆಯ ಗುಂಡುಸೂಜಿಗಳು. ಕೆಂಪು ನಮ್ಮ ಗಿರಾಕಿಯ ಅಂಗಡಿ, ಹಳದಿ ಎದುರಾಳಿಯದು. ಫ್ಯಾನಿನ ಗಾಳಿಗೆ ಬಸವನಗುಡಿಯ ಸೂಜಿ ಉದುರಿದರೆ ಅದು ಗಾಂಧಿಬಜಾರಿನದೋ ಡಿ.ವಿ.ಜಿ. ರಸ್ತೆಯದೋ ಎಂದು ಫೈಲು ತೆಗೆದು ನೋಡಬೇಕಿತ್ತು.

ಮ್ಯಾಪಿಗಿಂತ ಹೆಚ್ಚು ದುಡಿದದ್ದು ಕಾಲು. ಆಯ್ದ ಜಾಗದ ಎದುರು ಸಂಜೆ ಹೊತ್ತು ನಿಂತು ಹಾದುಹೋಗುವವರನ್ನು ಎಣಿಸುತ್ತಿದ್ದೆವು. ನಾಲ್ಕು ಗೆರೆ ನಿಲ್ಲಿಸಿ ಐದನೆಯದನ್ನು ಅಡ್ಡ ಎಳೆಯುವ ಲೆಕ್ಕ. ಹೆಂಗಸರೆಷ್ಟು, ಗಂಡಸರೆಷ್ಟು, ಕೈಯಲ್ಲಿ ಚೀಲವಿದ್ದವರೆಷ್ಟು. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲು ಕೇಳುತ್ತಿದ್ದದ್ದು, ‘ಜನ ಮನೆಗೆ ಹೋಗುವ ಬದಿ ಯಾವುದಯ್ಯ?’ ಎಂದು. ಬ್ರೆಡ್ಡು, ತರಕಾರಿ, ಮಾತ್ರೆ ಕೊಳ್ಳುವುದು ಸಂಜೆ ಮನೆಗೆ ಮರಳುವಾಗ. ಆ ಅಂಗಡಿ ಬಸ್ಸಿಳಿದವರ ಎಡಗೈಗೇ ಸಿಗಬೇಕು. ಇಡ್ಲಿ ಹೋಟೆಲು, ಪೇಪರ್ ಅಂಗಡಿಗಳಿಗೆ ಬೆಳಗಿನ ಬದಿಯೇ ಸರಿ. ನಡುವೆ ಡಿವೈಡರ್ ಇದ್ದರಂತೂ ಒಂದೇ ರಸ್ತೆಯ ಎರಡು ಬದಿ ಎರಡು ಊರು. ಇದನ್ನು ಅವರು ಯಾವ ಪುಸ್ತಕದಿಂದಲೂ ಓದಿರಲಿಲ್ಲ.

ಪೇಟೆಯವರ ಲೆಕ್ಕವೇ ಬೇರೆ. ಚಿಕ್ಕಪೇಟೆಯಲ್ಲಿ ಸೀರೆ, ಅವೆನ್ಯೂ ರಸ್ತೆಯಲ್ಲಿ ಪುಸ್ತಕ, ಎಸ್.ಪಿ. ರಸ್ತೆಯಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗ, ಜೆ.ಸಿ. ರಸ್ತೆಯಲ್ಲಿ ವಾಹನಗಳ ಬಿಡಿಭಾಗ. ನಮ್ಮ ವರದಿಗಳಲ್ಲಿ ಪಕ್ಕದ ಎದುರಾಳಿ ಅಂಗಡಿಗೆ ಅಂಕ ಕಳೆಯುವ ಪದ್ಧತಿ. ಚಿಕ್ಕಪೇಟೆಯ ಒಬ್ಬ ಹಳೆಯ ಸೀರೆ ವ್ಯಾಪಾರಿ ಅದನ್ನು ನೋಡಿ ನಕ್ಕರು. ‘ಪಕ್ಕದಲ್ಲಿ ಹತ್ತು ಸೀರೆ ಅಂಗಡಿ ಇವೆ ಅಂತಲೇ ಮದುವೆ ಮನೆಯವರು ತುಮಕೂರಿಂದ ಇಲ್ಲಿಗೆ ಬರೋದು, ಅಂಕ ಕೂಡಿಸಿ’ ಎಂದರು. ಅರ್ಥಶಾಸ್ತ್ರಜ್ಞ ಹೆರಾಲ್ಡ್ ಹೊಟೆಲಿಂಗ್, ಒಂದೇ ಬಗೆಯ ವ್ಯಾಪಾರಿಗಳು ಏಕೆ ಒಂದೆಡೆ ಬಂದು ಸೇರುತ್ತಾರೆಂದು 1929ರಲ್ಲೇ ಬರೆದಿದ್ದ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ.

ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂತು. ಅದರ ಜೊತೆ ಜಿಐಎಸ್ ಎಂಬ ಮೂರಕ್ಷರವೂ ಬಂತು. ಭೂಪಟವನ್ನು ಕಂಪ್ಯೂಟರಿಗೆ ಇಳಿಸಿ, ಅದರ ಪ್ರತಿ ಚುಕ್ಕೆಗೂ ಗೆರೆಗೂ ಮಾಹಿತಿಯ ಪಟ್ಟಿ ಅಂಟಿಸುವ ವಿದ್ಯೆ. ಕೆನಡಾ ಸರ್ಕಾರ ತನ್ನ ಭೂಬಳಕೆಯ ಲೆಕ್ಕ ಇಡಲು ಅರವತ್ತರ ದಶಕದಲ್ಲಿ ರೋಜರ್ ಟಾಮ್ಲಿನ್ಸನ್‌ನ ಕೈಯಲ್ಲಿ ಕಟ್ಟಿಸಿದ್ದು, ಮೂವತ್ತು ವರ್ಷದ ಮೇಲೆ ನಮ್ಮಲ್ಲಿ ಬೂಟಿನಂಗಡಿಗೆ ಜಾಗ ಹುಡುಕಲು ಬಂದಿತ್ತು. ಬೆಂಗಳೂರಿನಲ್ಲಿ ರಾಜ್ಯ ಸರ್ಕಾರದ ದೂರಸಂವೇದಿ ಕೇಂದ್ರ 1986ರಿಂದಲೇ ಇತ್ತು. ಆದರೆ ಅಲ್ಲಿನವರ ಗಮನ ಕೆರೆ, ಕಾಡು, ಬೆಳೆಗಳ ಕಡೆಗೆ, ಅಂಗಡಿಯ ಕಡೆಗಲ್ಲ.

ಭೂಪಟ ಇಳಿಸುವುದೆಂದರೆ ಹೇಗಿತ್ತೆಂದು ಈಗಿನ ಹುಡುಗರಿಗೆ ಹೇಳಿದರೆ ನಂಬುವುದಿಲ್ಲ. ಕೋರಮಂಗಲದ ಸರ್ವೆ ಆಫ್ ಇಂಡಿಯಾ ಕಚೇರಿಯಿಂದ ಐವತ್ತು ಸಾವಿರಕ್ಕೆ ಒಂದರ ಅಳತೆಯ ಹಾಳೆ ತರಬೇಕು. ಆ ಅಳತೆಯಲ್ಲಿ ಎರಡು ಸೆಂಟಿಮೀಟರ್ ಎಂದರೆ ಒಂದು ಕಿಲೋಮೀಟರ್. ಮಲ್ಲೇಶ್ವರದ ಎಂಟನೇ ಕ್ರಾಸ್ ಕೂದಲೆಳೆಯಷ್ಟು. ಹಾಳೆಯನ್ನು ಡಿಜಿಟೈಸರ್ ಮೇಜಿಗೆ ಟೇಪು ಹಾಕಿ ಅಂಟಿಸಿ, ನಾಲ್ಕು ಮೂಲೆಯ ಅಕ್ಷಾಂಶ ರೇಖಾಂಶ ಒತ್ತಿ, ಅಡ್ಡಗೆರೆಯ ಗಾಜಿರುವ ಮೌಸಿನಂಥ ಉಪಕರಣವನ್ನು ರಸ್ತೆಯ ಮೇಲೆ ಮೆಲ್ಲಗೆ ಸರಿಸುತ್ತ ಪ್ರತಿ ತಿರುವಿಗೂ ಗುಂಡಿ ಒತ್ತಬೇಕು. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗಿದರೆ ಮೂಲೆಯ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ. ಎರಡು ರಸ್ತೆ ಕೂಡುವಲ್ಲಿ ಗೆರೆಗಳು ಕೂದಲೆಳೆಯಷ್ಟು ಬಿಟ್ಟುಕೊಂಡರೆ, ಕಂಪ್ಯೂಟರಿನ ಪಾಲಿಗೆ ಆ ರಸ್ತೆ ಕೂಡಿಯೇ ಇಲ್ಲ. ಅಂಥ ತುಂಡುಗಳನ್ನು ‘ಡ್ಯಾಂಗಲ್’ ಎನ್ನುತ್ತಿದ್ದೆವು, ರಾತ್ರಿ ಕೂತು ಅವುಗಳನ್ನೇ ಬೆಸೆಯುತ್ತಿದ್ದೆವು. ಆರ್ಕ್‌ವ್ಯೂ ಎಂಬ ಜಿಐಎಸ್ ಸಾಫ್ಟ್‌ವೇರಿನ ‘ಶೇಪ್‌ಫೈಲ್’ ಹೆಸರಿಗೆ ಒಂದು, ಅಸಲಿಗೆ ಕನಿಷ್ಠ ಮೂರು ಫೈಲು. ಫ್ಲಾಪಿಯಲ್ಲಿ ಒಂದನ್ನು ಬಿಟ್ಟು ಬಂದರೆ ಉಳಿದೆರಡು ದಂಡ. ಪಟ್ಟಿಯ ಕಾಲಮ್ಮಿನ ಹೆಸರೂ ಹತ್ತು ಅಕ್ಷರ ಮೀರುವಂತಿರಲಿಲ್ಲ. ಒಬ್ಬ ಗಿರಾಕಿಗಾಗಿ ಅದರಲ್ಲಿ ‘ವಾಸ್ತು’ ಎಂಬ ಕಾಲಮ್ಮನ್ನೂ ಸೇರಿಸಿದೆವು. ಪೂರ್ವಕ್ಕೆ ಮುಖವಿಲ್ಲದ ಅಂಗಡಿ ಅವರಿಗೆ ಬೇಡವಾಗಿತ್ತು. ಅಮೆರಿಕದ ಆ ಸಾಫ್ಟ್‌ವೇರ್ ಚಕಾರವೆತ್ತದೆ ಒಪ್ಪಿಕೊಂಡಿತು.

ಅದು ಒಪ್ಪದಿದ್ದದ್ದು ನಮ್ಮ ವಿಳಾಸಗಳನ್ನು. ವಿಳಾಸದ ಪಟ್ಟಿ ಕೊಟ್ಟರೆ ಮ್ಯಾಪಿನ ಮೇಲೆ ತಾನೇ ಚುಕ್ಕೆ ಇಡುವ ಸೌಲಭ್ಯ ಅದರಲ್ಲಿತ್ತು, ಮನೆ ನಂಬರು ರಸ್ತೆಯುದ್ದಕ್ಕೂ ಕ್ರಮವಾಗಿ ಏರುತ್ತದೆಂಬ ನಂಬಿಕೆಯ ಮೇಲೆ. ನಮ್ಮಲ್ಲಿ ಹಳೇ ನಂಬರು, ಹೊಸ ನಂಬರು, ‘ಗಣೇಶನ ಗುಡಿ ಹಿಂಭಾಗ’. ಏಳನೇ ಕ್ರಾಸ್, ಮೂರನೇ ಮೇನ್ ಇಲ್ಲದ ಬಡಾವಣೆಯೇ ಇಲ್ಲ. ಜಯನಗರದ ನಾಲ್ಕನೇ ಬ್ಲಾಕು ಬೇರೆ, ನಾಲ್ಕನೇ ‘ಟಿ’ ಬ್ಲಾಕು ಬೇರೆ ಎಂದು ಆ ಯಂತ್ರಕ್ಕೆ ತಿಳಿಹೇಳುವಷ್ಟರಲ್ಲಿ ಸಾಕುಸಾಕಾಯಿತು. ಕೊನೆಗೆ ಚುಕ್ಕೆಗಳನ್ನು ಇಟ್ಟವರು ಸೈಕಲ್ಲಿನಲ್ಲಿ ತಿರುಗಿದ ಹುಡುಗರೇ.

ಗಿರಾಕಿಗಳು ಮರುಳಾದದ್ದು ವೃತ್ತಕ್ಕೆ. ಅಂಗಡಿಯನ್ನು ನಡುವಿಗಿಟ್ಟು ಒಂದು ಕಿಲೋಮೀಟರ್ ವೃತ್ತ ಎಳೆದು, ಒಳಗಿನ ಜನಸಂಖ್ಯೆ ಹೇಳಿದರೆ ಚೆಕ್ಕಿಗೆ ರುಜು ಬೀಳುತ್ತಿತ್ತು. ಸದಾಶಿವನಗರದಲ್ಲಿ ಆ ವೃತ್ತದೊಳಗೆ ಸ್ಯಾಂಕಿ ಕೆರೆಯ ನೀರೂ ಬರುತ್ತದೆ. ಮಲ್ಲೇಶ್ವರ ರೈಲು ನಿಲ್ದಾಣದ ಹತ್ತಿರ ಎಳೆದರೆ ಹಳಿಯಾಚೆಯ ರಾಜಾಜಿನಗರದ ಮನೆಗಳೂ ಒಳಗೆ ಸೇರಿಕೊಳ್ಳುತ್ತವೆ. ಆ ಮನೆಯವರು ಒಂದು ಸೋಪಿಗಾಗಿ ಹಳಿ ಸುತ್ತಿ ಬರುವವರಲ್ಲ. ವೃತ್ತಕ್ಕಿಂತ ಒಳ್ಳೆಯ ದಾರಿಯೊಂದನ್ನು ಡೇವಿಡ್ ಹಫ್ ಎಂಬ ಅಮೆರಿಕದ ಪ್ರಾಧ್ಯಾಪಕ ಅರವತ್ತರ ದಶಕದಲ್ಲೇ ತೋರಿಸಿದ್ದ: ಅಂಗಡಿ ದೊಡ್ಡದಾದಷ್ಟೂ ಸೆಳೆತ ಹೆಚ್ಚು, ದಾರಿ ಉದ್ದವಾದಷ್ಟೂ ಕಡಿಮೆ, ಒಬ್ಬ ಗಿರಾಕಿ ಯಾವ ಅಂಗಡಿಗೆ ಹೋಗುವ ಸಂಭವ ಎಷ್ಟೆಂದು ಇವೆರಡರಿಂದ ಲೆಕ್ಕ ಹಾಕಬಹುದು. ದಾರಿಯ ಉದ್ದ ಎಷ್ಟು ಬಾಧಿಸುತ್ತದೆ ಎಂಬುದು ಮಾತ್ರ ಸರಕಿನಿಂದ ಸರಕಿಗೆ ಬೇರೆ. ನಂದಿನಿ ಹಾಲಿಗೆ ಯಾರೂ ಪಕ್ಕದ ಕ್ರಾಸಿಗೂ ಹೋಗುವುದಿಲ್ಲ. ಧಾರೆಸೀರೆಗೆ ಜಿಲ್ಲೆ ದಾಟಿ ಬರುತ್ತಾರೆ. ದಾರಿಯ ಬಾಧೆ ಅಳೆಯುವ ಈ ಒಂದು ಸಂಖ್ಯೆಯನ್ನು ಸರಿಹೊಂದಿಸಲು ಅಂಗಡಿಯ ಬಿಲ್ಲುಗಳನ್ನು ಹರಡಿಕೊಂಡು ಗಿರಾಕಿಗಳ ಊರು ಗುರುತು ಹಾಕುತ್ತ ಕೂತ ದಿನಗಳೇ ಈ ವೃತ್ತಿಯಲ್ಲಿ ನನಗೆ ಅತ್ಯಂತ ಹಿಡಿಸಿದವು.

2000ದ ಮೇ ತಿಂಗಳಲ್ಲಿ ಅಮೆರಿಕ ಜಿಪಿಎಸ್ ಸಂಕೇತಕ್ಕೆ ತಾನೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅಲ್ಲಿಯವರೆಗೆ ನೂರು ಮೀಟರ್‌ನಷ್ಟು ಆಚೀಚೆಯಾಗುತ್ತಿತ್ತು. ಬಳೇಪೇಟೆಯಲ್ಲಿ ನೂರು ಮೀಟರ್ ಎಂದರೆ ಬೇರೆಯೇ ಬೀದಿ. ಐದು ವರ್ಷದಲ್ಲಿ ಗೂಗಲ್ ಅರ್ಥ್ ಬಂತು. ಗಿರಾಕಿ ಲ್ಯಾಪ್‌ಟಾಪ್ ತೆರೆದು ತನ್ನ ಅಂಗಡಿಯ ತಾರಸಿಯನ್ನೇ ತೋರಿಸಿ, ‘ಇದು ಪುಕ್ಕಟೆ ಸಿಗುತ್ತಲ್ಲ, ನಿಮಗ್ಯಾಕೆ ದುಡ್ಡು?’ ಎಂದು ಕೇಳುವ ಕಾಲ. ಅದೇ 2005ರಲ್ಲಿ ಸರ್ಕಾರ ಹೊಸ ಭೂಪಟ ನೀತಿ ತಂದು ಸಾರ್ವಜನಿಕರಿಗೊಂದು, ರಕ್ಷಣಾ ಪಡೆಗೊಂದು ಎಂದು ಹಾಳೆಗಳನ್ನು ಬೇರೆ ಮಾಡಿತು. 2009ರಲ್ಲಿ ಇಸ್ರೋದ ಭೂಪಟ ತಾಣ ‘ಭುವನ್’ ಬಂತು. ಡಿಜಿಟೈಸರ್ ಮೇಜು ಗುಜರಿಗೆ ಹೋಯಿತು. ಅದರ ಮೇಲೆ ನನಗೇನೂ ಮೋಹವಿಲ್ಲ, ಬೆನ್ನುನೋವು ಕೊಟ್ಟ ಮೇಜದು.

ಚಿತ್ರ ಹೀಗೆ ದಿನೇ ದಿನೇ ಸ್ಪಷ್ಟವಾಗುತ್ತಿದ್ದಾಗ ಅಂಕಿಅಂಶ ಕದಡಿಹೋಯಿತು. 2001ರ ಜನಗಣತಿ ನಮ್ಮ ಬಳಿ ಇದ್ದದ್ದು ಹಳೆಯ ನೂರು ವಾರ್ಡುಗಳ ಲೆಕ್ಕದಲ್ಲಿ. 2007ರಲ್ಲಿ ಸುತ್ತಲಿನ ನಗರಸಭೆಗಳನ್ನೂ ನೂರಹತ್ತು ಹಳ್ಳಿಗಳನ್ನೂ ಕೂಡಿಸಿ ಬಿಬಿಎಂಪಿ ಮಾಡಿದರು. ವಾರ್ಡುಗಳು 198 ಆದವು. ಹಳೆಯ ಗಡಿಯ ಜನರನ್ನು ಹೊಸ ಗಡಿಗೆ ಹಂಚುವಾಗ ಒಂದೇ ಬಡಾವಣೆ ಒಂದು ಲೆಕ್ಕದಲ್ಲಿ ಸಿರಿವಂತ, ಇನ್ನೊಂದರಲ್ಲಿ ಬಡವ. 2011ರ ಗಣತಿಯ ನಂತರ ಮತ್ತೊಂದು ಗಣತಿ ನಡೆಯದೆ, ವೈಟ್‌ಫೀಲ್ಡಿನ ಜನಸಂಖ್ಯೆಯನ್ನು ಈಗಲೂ ಅದೇ ಹಳೆಯ ಅಂಕಿಯಿಂದ ಹಿಗ್ಗಿಸಿ ಹೇಳುವವರಿದ್ದಾರೆ. ಅಷ್ಟರಲ್ಲಿ, 2025ರ ಸೆಪ್ಟೆಂಬರಿನಲ್ಲಿ, ಊರು ಐದು ಪಾಲಿಕೆಗಳಾಗಿ ಒಡೆದಿದೆ.

ಮ್ಯಾಪಿನಲ್ಲಿ ಎಂದೂ ಮೂಡದ ಸಂಗತಿಗಳೂ ಇದ್ದವು. ಇಂದಿರಾನಗರದ ಸಿ.ಎಂ.ಎಚ್. ರಸ್ತೆ ನಮ್ಮ ಪಟ್ಟಿಯಲ್ಲಿ ಸದಾ ಮೇಲಿನ ಸಾಲಿನದು. ಮೆಟ್ರೊ ಕಂಬ ಏಳತೊಡಗಿದಾಗ ವ್ಯಾಪಾರಿಗಳು ಪ್ರತಿಭಟಿಸಿದರು. ಅಗೆದ ರಸ್ತೆಯ ಧೂಳಿನಲ್ಲಿ ಬಾಗಿಲು ತೆರೆದಿಟ್ಟವರು ಪಟ್ಟ ಪಾಡು ಮ್ಯಾಪಿನ ಯಾವ ಪದರದಲ್ಲೂ ಇರಲಿಲ್ಲ. 2011ರ ಅಕ್ಟೋಬರಿನಲ್ಲಿ ರೈಲು ಓಡಿದ ಮೇಲೆ ಅದೇ ರಸ್ತೆಯಲ್ಲಿ ಜಾಗ ಕೇಳಿಕೊಂಡು ಹೊಸಬರು ಬಂದರು. ಸಾಫ್ಟ್‌ವೇರಿಗೆ ನಿಲ್ದಾಣ ಒಂದು ಚುಕ್ಕೆ. ಆ ನಡುವಿನ ವರ್ಷಗಳ ಬಾಡಿಗೆ ಕಟ್ಟಿದವರು ಮಾತ್ರ ಹಳಬರು.

ಈಗಿನ ಆಟ ಇನ್ನೊಂದು ಬಗೆಯದು. ಹತ್ತು ನಿಮಿಷದಲ್ಲಿ ಸಾಮಾನು ತಲುಪಿಸುವವರಿಗೆ ಅಂಗಡಿಯ ಮುಖವೇ ಬೇಡ. ಒಳ ರಸ್ತೆಯ ನೆಲಮಾಳಿಗೆಯಾದರೂ ಸಾಕು, ಬೈಕು ಬೇಗ ಹೊರಬೀಳಬೇಕು. ಊರನ್ನೆಲ್ಲ ಷಟ್ಕೋನಗಳಾಗಿ ಕತ್ತರಿಸಿ, ಯಾವ ಕೋಣೆಯಿಂದ ಎಷ್ಟು ಹೊತ್ತಿಗೆ ಯಾವ ಸಾಮಾನಿಗೆ ಆರ್ಡರ್ ಬಂತೆಂದು ಗುಣಿಸುತ್ತಾರೆ. ಫುಟ್‌ಪಾತಿನಲ್ಲಿ ನಿಂತು ಗೆರೆ ಎಳೆಯುವವನ ಅಗತ್ಯವಿಲ್ಲ, ಏಕೆಂದರೆ ಪ್ರತಿ ಫೋನೂ ಗೆರೆ ಎಳೆಯುತ್ತಿದೆ. ನನಗೆ ತಕರಾರಿರುವುದು ಇಲ್ಲಿ. ಹಿಂದೆ ಭೂಪಟವನ್ನು ಸರ್ಕಾರ ಬೀಗ ಹಾಕಿ ಇಟ್ಟಿತ್ತು. 2021ರ ಫೆಬ್ರವರಿಯಲ್ಲಿ ಭಾರತೀಯ ಕಂಪನಿಗಳಿಗೆ ಬಹುಪಾಲು ಅನುಮತಿಯ ಗೋಜನ್ನೇ ತೆಗೆಯಿತು. ಆದರೆ ಯಾವ ಬೀದಿಯಲ್ಲಿ ಏನು ಖರ್ಚಾಗುತ್ತದೆ ಎಂಬ ನಿಜವಾದ ಮಾಹಿತಿ ಈಗ ಕೆಲವೇ ಕಂಪನಿಗಳ ಗಲ್ಲಾಪೆಟ್ಟಿಗೆಯಲ್ಲಿದೆ. ಬೀದಿ ಕೊನೆಯ ದಿನಸಿ ಅಂಗಡಿಯವನೂ ಕ್ಯೂಆರ್ ಕೋಡ್ ಅಂಟಿಸಿಕೊಂಡು ಆ ಲೆಕ್ಕಕ್ಕೆ ದಿನವೂ ಒಂದು ಸಾಲು ಸೇರಿಸುತ್ತಾನೆ. ಒಟ್ಟು ಪಟ್ಟಿ ಮಾತ್ರ ಅವನಿಗೆ ಸಿಗುವುದಿಲ್ಲ.

ಆದರೂ ಉಪಕರಣ ಇಂದು ಎಲ್ಲರ ಕೈಗೂ ಎಟಕುತ್ತದೆ. ಕ್ಯೂಜಿಐಎಸ್ ಎಂಬ ಭೂಪಟದ ಸಾಫ್ಟ್‌ವೇರ್ ಪುಕ್ಕಟೆ, ಓಪನ್‌ಸ್ಟ್ರೀಟ್‌ಮ್ಯಾಪಿನ ರಸ್ತೆಗಳೂ ಪುಕ್ಕಟೆ. ‘ದಿಶಾಂಕ್’ ಆ್ಯಪು ನಿಂತ ನೆಲದ ಸರ್ವೆ ನಂಬರ್ ತೋರಿಸುತ್ತದೆ. ಬೀದಿಯ ವರ್ತಕರ ಸಂಘಗಳು ಕೂಡಿ ತಮ್ಮ ಗಿರಾಕಿಗಳು ಎಲ್ಲಿಂದ ಬರುತ್ತಾರೆಂದು, ಹೆಸರು ಬಿಟ್ಟು ಬಡಾವಣೆಯನ್ನಷ್ಟೇ ಬರೆದಿಟ್ಟು ಒಂದು ಮ್ಯಾಪು ಮಾಡಿಕೊಳ್ಳಲಿ. ಕಾಲೇಜಿನ ಭೂಗೋಳ ವಿಭಾಗದ ಹುಡುಗರು ಒಂದು ಸೆಮಿಸ್ಟರಿನಲ್ಲಿ ಮಾಡಿಕೊಡುವ ಕೆಲಸ ಅದು. ಇನ್ನು ಅಂಗಡಿ ಹಾಕಲು ಹೊರಟವರು ಮುಂಗಡ ಕೊಡುವ ಮುನ್ನ ಒಂದು ಕೆಲಸದ ದಿನ, ಒಂದು ಭಾನುವಾರ ಆ ಜಾಗದ ಎದುರು ಸಂಜೆ ನಿಲ್ಲಿ. ಜನ ಮನೆಗೆ ಹೋಗುವ ಬದಿ ಯಾವುದು, ಡಿವೈಡರ್ ಎಲ್ಲಿ ತೆರೆದಿದೆ ಎಂದು ನೋಡಿಕೊಳ್ಳಿ. ಬಾಡಿಗೆ ಕರಾರಿಗೆ ರುಜು ಹಾಕುವುದು ಆಮೇಲೆ.