ಮಳೆಗಾಲದ ಕಾಲಿಗೆ ಏನು ಹಾಕೋಣ?

ಜೂನ್ ಬಂತೆಂದರೆ ಪಂದಲೂರು ಕಡೆಯ ಮನೆಗಳಲ್ಲಿ ಪುಸ್ತಕಕ್ಕಿಂತ ಮೊದಲು ಚಪ್ಪಲಿಯ ಮಾತು ಬರುತ್ತದೆ. ಊಟಿಯ ಚಳಿ ಬೇರೆ, ನಮ್ಮ ಮಳೆ ಬೇರೆ. ನೀಲಗಿರಿಯ ಪಶ್ಚಿಮದ ಅಂಚಿನಲ್ಲಿರುವ ಗೂಡಲೂರು, ದೇವಾಲ, ಪಂದಲೂರುಗಳಿಗೆ ಮುಂಗಾರು ನೇರವಾಗಿ ಬಂದು ಬಡಿಯುತ್ತದೆ. ಚಹಾ ತೋಟದ ಕಾಲುದಾರಿಯಲ್ಲಿ ನಡೆದು ಬರುವ ಮಗುವಿನ ಕ್ಯಾನ್ವಾಸ್ ಶೂ ಒಮ್ಮೆ ತೊಯ್ದರೆ ಮರುದಿನಕ್ಕೂ ಒಣಗದು. ಅದನ್ನೇ ಹಾಕಿ ಹಾಕಿ ಬೆರಳ ಸಂದಿಯಲ್ಲಿ ಕೆಸರುಹುಣ್ಣು. ಮಗು ಮನೆಯಲ್ಲಿ ಉಳಿಯುತ್ತದೆ. ಹಾಜರಿ ಪುಸ್ತಕದಲ್ಲಿ ಅದು ಬರೀ ಗೈರುಹಾಜರಿ.

ಗಂಬೂಟು ಒಳ್ಳೆಯದಲ್ಲವೇ ಎಂದು ಪೋಷಕರು ಕೇಳುತ್ತಾರೆ. 1853ರಲ್ಲಿ ಹೈರಾಮ್ ಹಚಿನ್‌ಸನ್ ಫ್ರಾನ್ಸಿನಲ್ಲಿ ರಬ್ಬರ್ ಬೂಟಿನ ಕಾರ್ಖಾನೆ ತೆರೆದಾಗ ಅಲ್ಲಿನ ರೈತರು ಮರದ ಪಾದರಕ್ಷೆ ಮೆಟ್ಟುತ್ತಿದ್ದರಂತೆ. ಹೊಲಕ್ಕೆ, ತೋಟದ ಕೆಲಸಕ್ಕೆ ಅದು ಸರಿ. ದೂರ ನಡೆಯುವ ಮಗುವಿಗೆ ಭಾರ, ಮೇಲಿಂದ ನೀರು ಹೊಕ್ಕರೆ ಹೊರಗೆ ಹೋಗದು. ಹಿಮ್ಮಡಿಗೆ ಪಟ್ಟಿಯಿರುವ ಪ್ಲಾಸ್ಟಿಕ್ ಸ್ಯಾಂಡಲ್ಲೇ ನಮ್ಮ ಮೆಚ್ಚುಗೆ. ನೀರು ಬಸಿದುಹೋಗುತ್ತದೆ, ಇಂಬಳ ಹತ್ತಿದ್ದೂ ಕಣ್ಣಿಗೆ ಬೀಳುತ್ತದೆ. ಇಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದು, ಹಾಗಾಗಿ ಅದು ಬಿಟ್ಟ ಮೇಲೂ ಸ್ವಲ್ಪ ಹೊತ್ತು ರಕ್ತ ಸುರಿದರೆ ಗಾಬರಿ ಬೇಡ, ಒತ್ತಿ ಹಿಡಿದರಾಯಿತು. ಹವಾಯಿ ಚಪ್ಪಲಿ ಮಾತ್ರ ಬೇಡ, ಇಳಿಜಾರಿನಲ್ಲಿ ಜಾರುತ್ತದೆ, ಬೆನ್ನಿಗೆಲ್ಲ ಕೆಸರು.

ಎರಡು ವರ್ಷ ಬರಲಿ ಎಂದು ದೊಡ್ಡ ಅಳತೆಯದು ಕೊಳ್ಳುವವರಿದ್ದಾರೆ (ನಮ್ಮ ಬಾಲ್ಯದಲ್ಲೂ ಹೀಗೇ!). ಒಳಗೆ ಕಾಲು ಓಡಾಡಿದರೆ ಬೊಬ್ಬೆ ಖಂಡಿತ. ಬೆರಳ ಮುಂದೆ ಒಂದು ಬೆರಳಗಲ ಜಾಗ ಸಾಕು. ಸಂಜೆ ಕಾಲು ತುಸು ಊದಿರುತ್ತದೆ, ಆಗಲೇ ಹಾಕಿ ನೋಡಿ. ಅಡಿಯಲ್ಲಿ ಆಳವಾದ ಗೀರುಗಳಿರಲಿ. ಚೀಲದಲ್ಲಿ ಒಣ ಟವೆಲ್ಲಿನ ತುಂಡೊಂದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಕಳಿಸಿ, ತರಗತಿಗೆ ಬಂದ ಕೂಡಲೇ ಕಾಲು ಒರೆಸಿಸುವುದನ್ನು ನಾವು ನೋಡಿಕೊಳ್ಳುತ್ತೇವೆ.